‘ನೀರೇನು ಗಂಡು ಹೆಣ್ಣು ನೋಡಿ ಬರುತ್ತದೆಯೇ?’

ಪ್ರಶ್ನೆ: ಜೇವರ್ಗಿ ತಾಲ್ಲೂಕಿನ ಭೀಮಾ ದಂಡೆಯ ಊರೊಂದರಲ್ಲಿ ಆಶಾ ಕಾರ್ಯಕರ್ತೆಯಾಗಿದ್ದೇನೆ. ಹೊಳೆ ಬಂದಾಗಲೆಲ್ಲ ಕಾಳಜಿ ಕೇಂದ್ರದ (ನೆರೆ ಸಂತ್ರಸ್ತರು ತಾತ್ಕಾಲಿಕವಾಗಿ ತಂಗುವ ಜಾಗ) ಕೆಲಸ ನಮ್ಮ ಕೊರಳಿಗೆ ಬೀಳುತ್ತದೆ. ಆದರೆ ಮುಂಜಾಗ್ರತಾ ಸಭೆಗೆ ನಮ್ಮನ್ನು ಯಾರೂ ಕರೆಯುವುದಿಲ್ಲ. ಹೆಂಗಸರ ತೊಂದರೆ ಹೇಳಿದರೆ ‘ನೀರೇನು ಗಂಡು ಹೆಣ್ಣು ನೋಡಿ ಬರುತ್ತದೆಯೇ’ ಎಂದು ನಗುತ್ತಾರೆ. ಏನು ಹೇಳಲಿ?

ಉತ್ತರ (ಸಮುದಾಯ ಆರೋಗ್ಯ ತಜ್ಞೆ): ನೀರು ನೋಡುವುದಿಲ್ಲ, ನಿಜ. ಆದರೆ ಈಜು ಯಾರಿಗೆ ಕಲಿಸಿದ್ದೇವೆ, ಮೊಬೈಲ್ ಯಾರ ಜೇಬಿನಲ್ಲಿದೆ, ಕೂಸು ಯಾರ ಕಂಕುಳಲ್ಲಿದೆ ಎಂಬುದೆಲ್ಲ ನೀರು ಬರುವ ಮೊದಲೇ ತೀರ್ಮಾನವಾಗಿರುತ್ತದೆ. 2004ರ ಸುನಾಮಿಯಲ್ಲಿ ತಮಿಳುನಾಡಿನ ಕಡಲೂರಿನಲ್ಲಿ ಸತ್ತ ಹೆಂಗಸರ ಸಂಖ್ಯೆ ಗಂಡಸರಿಗಿಂತ ಎರಡು ಪಟ್ಟಿಗೂ ಹೆಚ್ಚು. ಗಂಡಸರಲ್ಲಿ ಹಲವರು ಆಳ ಸಮುದ್ರದಲ್ಲಿ ದೋಣಿಯ ಮೇಲಿದ್ದರು. ಹೆಂಗಸರು ದಂಡೆಯಲ್ಲಿ ಮೀನಿಗಾಗಿ ಕಾಯುತ್ತಿದ್ದರು, ಮನೆಯಲ್ಲಿ ಮಕ್ಕಳೊಂದಿಗೆ ಇದ್ದರು. ನಗುವವರಿಗೆ ಇಷ್ಟು ಹೇಳಿದರೆ ಸಾಕು.

ನಮ್ಮ ಭೀಮೆ ಸುನಾಮಿಯಂತೆ ಏಕಾಏಕಿ ಬರುವವಳಲ್ಲ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜ್ ದಾಟಿ ನಿಮ್ಮೂರಿಗೆ ಬರುವಷ್ಟರಲ್ಲಿ ಸಿದ್ಧವಾಗಲು ಸಮಯ ಸಿಗುತ್ತದೆ. ಹಾಗಾಗಿ 2020ರ ಅಕ್ಟೋಬರ್‌ನಂತಹ ಪ್ರವಾಹದಲ್ಲೂ ನಮ್ಮ ಹೆಂಗಸರ ಕಷ್ಟ ಹೆಚ್ಚಾಗಿ ಶುರುವಾಗುವುದು ನೀರಿನಲ್ಲಲ್ಲ, ಕಾಳಜಿ ಕೇಂದ್ರದಲ್ಲಿ. ಶಾಲೆಯ ಕೋಣೆಗಳು, ಹಿಂದೆ ಎರಡು ಶೌಚಾಲಯ, ಒಂದಕ್ಕೆ ಚಿಲಕವಿಲ್ಲ, ದಾರಿಯಲ್ಲಿ ದೀಪವಿಲ್ಲ. ಆಗ ಹೆಂಗಸರು ಏನು ಮಾಡುತ್ತಾರೆಂದು ನಿಮಗೆ ಗೊತ್ತು: ನೀರು ಕುಡಿಯುವುದನ್ನೇ ಬಿಡುತ್ತಾರೆ. ಕತ್ತಲಾಗುವವರೆಗೆ ತಡೆಯುತ್ತಾರೆ. ಉರಿಮೂತ್ರ, ಮೂತ್ರನಾಳದ ಸೋಂಕು ಹೆಚ್ಚುವುದು ಹೀಗೆ. ಬಸುರಿಯಲ್ಲಿ ಆ ಸೋಂಕು ಮೂತ್ರಪಿಂಡಕ್ಕೆ ಏರಬಹುದು, ಅವಧಿಗೆ ಮುನ್ನ ಹೆರಿಗೆಯಾಗಬಹುದು. ಒಂದು ಚಿಲಕದ ಕೊರತೆ ಕೊನೆಗೆ ಹೆರಿಗೆ ಕೋಣೆಯ ಸಮಸ್ಯೆಯಾಗುತ್ತದೆ. ಇದನ್ನು ‘ಹೆಂಗಸರ ನಾಚಿಕೆ’ ಎಂದು ತಳ್ಳಿಹಾಕುವ ವೈದ್ಯರನ್ನೂ ನಾನು ಕಂಡಿದ್ದೇನೆ.

ನೀವು ಬೇಡುತ್ತಿರುವುದು ದಯೆಯನ್ನಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕನಿಷ್ಠ ಮಾನದಂಡಗಳ ಪ್ರಕಾರ 30 ಜನರಿಗೆ ಒಂದು ಶೌಚಾಲಯ ಇರಬೇಕು, ಹೆಂಗಸರಿಗೆ ಶೌಚ ಮತ್ತು ಸ್ನಾನದ ಜಾಗ ಪ್ರತ್ಯೇಕವಾಗಿರಬೇಕು, ಶೌಚಾಲಯ ಕೇಂದ್ರದಿಂದ 50 ಮೀಟರ್‌ಗಿಂತ ದೂರವಿರಬಾರದು. ಸ್ಯಾನಿಟರಿ ಪ್ಯಾಡ್‌ಗಳೂ ಸುರಕ್ಷಿತ ಹೆರಿಗೆಯ ವ್ಯವಸ್ಥೆಯೂ ಅದರಲ್ಲಿವೆ. ಪರಿಹಾರ ಕೊಡುವಾಗ ಲಿಂಗ, ಜಾತಿ ನೋಡಿ ತಾರತಮ್ಯ ಮಾಡಬಾರದೆಂದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ 61ನೇ ಕಲಂ ಹೇಳುತ್ತದೆ. ಆದರೂ ಬೆಳೆ ಪರಿಹಾರ ಪಹಣಿಯಲ್ಲಿ ಹೆಸರಿದ್ದವರಿಗೇ. ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದವಳ ಕೂಲಿ ಯಾವ ಪಂಚನಾಮೆಗೂ ಸೇರುವುದಿಲ್ಲ.

ಇನ್ನು ಸ್ವಲ್ಪ ಕಹಿ ಮಾತು, ನಮ್ಮದೇ ಇಲಾಖೆಯ ಬಗ್ಗೆ. ಬಸುರಿಯರಿಗೆ ಕೊಡುವ ತಾಯಿ ಕಾರ್ಡ್ ಇರುವ ಹೆಣ್ಣು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತಾಳೆ. ಬಸುರಿ, ಬಾಣಂತಿ ಮುಗಿದರೆ ನಮ್ಮ ಲೆಕ್ಕವೂ ಮುಗಿಯಿತು. ಒಬ್ಬಳೇ ಇರುವ ಮುದುಕಿ, ಬಿಪಿ ಮಾತ್ರೆ ಮನೆಯಲ್ಲೇ ಬಿಟ್ಟು ಬಂದ ವಿಧವೆ, ಮುಟ್ಟಾದ ಹುಡುಗಿ, ಅಂಗವಿಕಲೆ, ಕುಡಿದು ಬರುವ ಗಂಡನ ಜೊತೆ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯಬೇಕಾದವಳು, ಇವರ್ಯಾರಿಗೂ ನಮ್ಮ ರಿಜಿಸ್ಟರ್‌ನಲ್ಲಿ ಕಾಲಂ ಇಲ್ಲ.

ಆದ್ದರಿಂದ ಸಭೆಗೆ ಕರೆಯಲೆಂದು ಕಾಯಬೇಡಿ. ಮಳೆಗಾಲಕ್ಕೆ ಮುಂಚೆಯೇ ಅಂಗನವಾಡಿ ಕಾರ್ಯಕರ್ತೆಯ ಜೊತೆ ಕುಳಿತು ಮನೆವಾರು ಪಟ್ಟಿ ಮಾಡಿ: ಹೆರಿಗೆ ದಿನ ಹತ್ತಿರವಿರುವವರು, ದಿನವೂ ಮಾತ್ರೆ ನುಂಗುವವರು, ಎತ್ತಿಕೊಂಡೇ ಸಾಗಿಸಬೇಕಾದವರು, ಮೊಬೈಲ್ ಇಲ್ಲದ ಹೆಂಗಸರು. ತುಂಬು ಬಸುರಿಯರನ್ನು ನೀರು ಬಿಟ್ಟ ಸುದ್ದಿ ಬಂದ ದಿನವೇ ಆಸ್ಪತ್ರೆ ಹತ್ತಿರದ ನೆಂಟರ ಮನೆಗೆ ಕಳುಹಿಸಿ. ರಸ್ತೆ ಮುಳುಗಿದ ಮೇಲೆ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಆಚೆ ದಂಡೆಯಲ್ಲೇ ನಿಲ್ಲುತ್ತದೆ. ಕೇಂದ್ರದಲ್ಲಿ ಕಿರುಕುಳ ನಡೆದರೆ ಮಹಿಳಾ ಸಹಾಯವಾಣಿ 181 ಇದೆ. ಸಂತ್ರಸ್ತೆಯ ಒಪ್ಪಿಗೆಯಿಲ್ಲದೆ ಹೆಸರು ಹೇಳಬೇಡಿ.

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದಲ್ಲಿ ಜಿಲ್ಲಾಧಿಕಾರಿಯ ಜೊತೆ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿಯೂ ಸದಸ್ಯರು. ಪಟ್ಟಿಯ ಜೊತೆ ಶೌಚಾಲಯ, ಚಿಲಕ, ದೀಪದ ಬೇಡಿಕೆಯನ್ನು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಮೂಲಕ ಅವರಿಗೆ ಕಳುಹಿಸಿ. ಇನ್ನೊಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖು ಸಹಿತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.