ಹತ್ತನೆಯ ವಚನವನ್ನು ಬಿಟ್ಟದ್ದೇಕೆ?

ಪ್ರಿಯ ಸಹೋದರಿ,

'ಕಷ್ಟಗಳ ನಡುವೆ ಕ್ರಿಸ್ತನ ನಿರೀಕ್ಷೆ' ಎಂಬ ನಿಮ್ಮ ಎಂಟು ಪುಟಗಳ ಲೇಖನ ನನ್ನ ಮೇಜಿನ ಮೇಲೆ ಬಿದ್ದು ಮೂರು ವಾರಗಳಾದವು. ಮೂತ್ರಪಿಂಡಗಳು ಕೆಟ್ಟಿರುವ ನಿಮ್ಮ ತಾಯಿಯವರನ್ನು ಮೂರು ವರ್ಷಗಳಿಂದ ವಾರಕ್ಕೆ ಎರಡು ಸಲ ಮೂಲ್ಕಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಡಯಾಲಿಸಿಸ್‌ಗೆ ಕರೆತರುತ್ತಿರುವುದನ್ನೂ, ಆ ದಿನಗಳಲ್ಲಿ ನಂಬಿಕೆಯು ನಿಮ್ಮನ್ನು ಹೇಗೆ ಎತ್ತಿಹಿಡಿಯಿತೆಂಬುದನ್ನೂ ಬರೆದಿದ್ದೀರಿ. ಭಾಷೆ ಶುದ್ಧವಾಗಿದೆ, ಕಾಗುಣಿತದ ತಪ್ಪುಗಳಿಲ್ಲ, ಅಕ್ಷರ ದುಂಡಾಗಿದೆ. ಸಂಪಾದಕನಾದವನು ಹೇಳಲೇಬೇಕಾದ ಮಾತುಗಳು ಇಲ್ಲಿಗೆ ಮುಗಿದವು. ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಬೇರೆಯವರದ್ದಾಗಿದ್ದರೆ ಎರಡು ಸಾಲಿನ ವಿಷಾದಪತ್ರ ಬರೆದು ಸುಮ್ಮನಾಗುತ್ತಿದ್ದೆ. ನಿಮ್ಮದು ನನಗೆ ಸಿಟ್ಟು ಬರಿಸಿತು. ಸಿಟ್ಟಿಗೆ ಕಾರಣ ನಾಲ್ಕನೆಯ ಪುಟದಲ್ಲಿರುವ ಒಂದು ವಾಕ್ಯ, ಅಲ್ಲಿಗೆ ಆಮೇಲೆ ಬರುತ್ತೇನೆ.

ನಿಮ್ಮ ಮೊದಲ ವಾಕ್ಯ ಹೀಗಿದೆ: 'ಜೀವನವೆಂಬ ಮಹಾಸಾಗರದಲ್ಲಿ ಕಷ್ಟಗಳೆಂಬ ಬಿರುಗಾಳಿ ಎದ್ದಾಗ ಯೇಸುಸ್ವಾಮಿಯೆಂಬ ನಾವಿಕನು ನಮ್ಮ ಬಾಳದೋಣಿಯನ್ನು ದಡ ಸೇರಿಸುತ್ತಾನೆ.' ಒಂದೇ ವಾಕ್ಯದಲ್ಲಿ ಮೂರು 'ಎಂಬ'ಗಳಿವೆಯೆಂಬುದು ದೊಡ್ಡ ಅಪರಾಧವಲ್ಲ, ನಾನೂ ಈಗ ಒಂದನ್ನು ಸೇರಿಸಿದೆ. ಆದರೆ ಮೂಲ್ಕಿಯಲ್ಲಿ ಹುಟ್ಟಿ ಬೆಳೆದವರು, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಂತು ಮೀನುಗಾರರ ಮನೆಗಳಲ್ಲಿ ದುಡ್ಡಿನ ಓಡಾಟವೂ ನಿಲ್ಲುವುದನ್ನು ಪ್ರತಿವರ್ಷ ಕಂಡವರು, ಕಡಲನ್ನು 'ಮಹಾಸಾಗರ'ವೆಂದು ಕರೆದು ಅಲಂಕಾರಕ್ಕೆ ಕೂರಿಸುವುದು ಹೇಗೆ? ಈ ಸಾಗರ ನೀವು ಕಂಡದ್ದಲ್ಲ, ಯಾವುದೋ ಉಪದೇಶದಲ್ಲಿ ಕೇಳಿದ್ದು.

ಅದಕ್ಕಿಂತಲೂ ನನ್ನನ್ನು ಕಾಡಿದ್ದು ಆ ನಾವಿಕ. ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ ಕೊನೆಯನ್ನು ಇನ್ನೊಮ್ಮೆ ಓದಿ. ಬಿರುಗಾಳಿ ಎದ್ದು ದೋಣಿಯೊಳಗೆ ನೀರು ತುಂಬುತ್ತಿರುವಾಗ ಯೇಸು ಚುಕ್ಕಾಣಿ ಹಿಡಿದಿರಲಿಲ್ಲ. ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿ ನಿದ್ದೆಹೋಗಿದ್ದನು. ತಲೆದಿಂಬನ್ನು ಕೂಡ ಮರೆಯದೆ ಬರೆದಿಟ್ಟಿದ್ದಾರೆ ನೋಡಿ. ಪೇತ್ರ, ಅಂದ್ರೆಯ, ಯಾಕೋಬ, ಯೋಹಾನ ಈ ನಾಲ್ವರೂ ಮೀನು ಹಿಡಿದೇ ಬದುಕಿದವರು, ಆ ಸರೋವರದ ಗಾಳಿಯನ್ನು ಬಲ್ಲವರು. ಅಂಥವರಿದ್ದ ಗುಂಪೇ ಹೆದರಿ, ನಾವು ಸಾಯುತ್ತಿದ್ದರೂ ನಿನಗೆ ಚಿಂತೆಯಿಲ್ಲವೇ ಎಂದು ಅವನನ್ನು ಎಬ್ಬಿಸುತ್ತದೆ. ಅದು ಸ್ತೋತ್ರವಲ್ಲ, ದೂರು. ಗಾಳಿ ಶಾಂತವಾಗುವುದು ಆ ದೂರಿನ ನಂತರ. ನಿಮ್ಮ ವಾಕ್ಯವು ನಿದ್ದೆಯನ್ನೂ ದೂರನ್ನೂ ಅಳಿಸಿಹಾಕಿ ದಡವನ್ನು ಮಾತ್ರ ಉಳಿಸಿಕೊಂಡಿದೆ. ಎಂಟು ಪುಟಗಳಲ್ಲಿ ಒಂದೇ ಒಂದು ಸಲವೂ ನೀವು ದೇವರೊಡನೆ ಜಗಳವಾಡಿಲ್ಲ. ಮೂರು ವರ್ಷ ಆ ಬಸ್ಸಿನಲ್ಲಿ ಹೋಗಿಬಂದವರು ಒಮ್ಮೆಯೂ ಕೇಳಲಿಲ್ಲವೆಂದರೆ ನಾನು ನಂಬುವುದಿಲ್ಲ. 88ನೆಯ ಕೀರ್ತನೆಯು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗೆ ಬರುವುದಿಲ್ಲ. ಆದರೂ ಅದನ್ನು ಯಾರೂ ಸತ್ಯವೇದದಿಂದ ಕಿತ್ತುಹಾಕಲಿಲ್ಲ.

ಎರಡನೆಯ ಪುಟದ ವಾಕ್ಯ: 'ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆಯೆಂದು ವೈದ್ಯರು ಹೇಳಿದಾಗ ನಮಗೆ ಆಘಾತವಾಯಿತು, ಆದರೆ ದೇವರು ನಮ್ಮನ್ನು ಕೈಬಿಡಲಿಲ್ಲ.' ಈ ವಾಕ್ಯದಲ್ಲಿ ಒಂದು ಅಲ್ಪವಿರಾಮವಿದೆ. ನಿಮ್ಮ ಮೂರು ವರ್ಷಗಳೆಲ್ಲ ಆ ಅಲ್ಪವಿರಾಮದೊಳಗೆ ಹೂತುಹೋಗಿವೆ. ಆ ದಿನ ಆಸ್ಪತ್ರೆಯಿಂದ ಮನೆಗೆ ಹೇಗೆ ಹೋದಿರಿ, ತಾಯಿ ದಾರಿಯಲ್ಲಿ ಏನಾದರೂ ಮಾತಾಡಿದರೇ, ರಾತ್ರಿ ಅಡುಗೆ ಮಾಡಿದವರು ಯಾರು, ಇವು ಯಾವುವೂ ನನಗೆ ಗೊತ್ತಾಗಲಿಲ್ಲ. ದೇವರು ಕೈಬಿಡಲಿಲ್ಲವೆಂಬುದು ಮಾತ್ರ ಗೊತ್ತಾಯಿತು, ಅದೂ ನೀವು ಹೇಳಿದಿರಿ ಎಂಬ ಕಾರಣಕ್ಕೆ. ಪ್ರವಾದಿ ಹಬಕ್ಕೂಕನು ಮಾಡಿದ್ದನ್ನು ಗಮನಿಸಿ. ಅವನ ಗ್ರಂಥದ ಕೊನೆಗೆ ಅಂಜೂರ ಚಿಗುರುವುದಿಲ್ಲ, ದ್ರಾಕ್ಷೆ ಫಲಿಸುವುದಿಲ್ಲ, ಎಣ್ಣೆಮರ ಕೈಕೊಡುತ್ತದೆ, ಹೊಲ ಬೆಳೆ ಕೊಡುವುದಿಲ್ಲ, ಹಟ್ಟಿಯಲ್ಲಿ ಕುರಿಯಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ. ಆರು ನಷ್ಟಗಳನ್ನು ಬೆರಳು ಮಡಚಿ ಎಣಿಸಿದ ಮೇಲೆಯೇ ಅವನು 'ಆದರೂ' ಎಂದು ದೇವರಲ್ಲಿ ಸಂತೋಷಿಸುವುದು.

ಇದನ್ನು ನನಗೆ ಕಲಿಸಿದ್ದು ಪ್ರವಾದಿಯಲ್ಲ, ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಒಬ್ಬರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪಿನಲ್ಲಿ ಆರಂಭಿಸಿದ ಹಂಚಿನ ಉದ್ಯಮ ಊರೆಲ್ಲ ಹರಡಿ, ಕಾಂಕ್ರೀಟಿನ ಮಾಡುಗಳು ಬಂದ ಮೇಲೆ ಅದರ ಗೂಡುಗಳು ಒಂದೊಂದಾಗಿ ಆರಿದ ಕತೆ ನಿಮಗೆ ತಿಳಿದಿರಬಹುದು. ಹಾಗೆ ಆರಿದ ಒಂದು ಕಾರ್ಖಾನೆಯಲ್ಲಿ ನನ್ನ ತಂದೆ ದುಡಿಯುತ್ತಿದ್ದರು; ಬರಬೇಕಾದ ಬಾಕಿ ಸಂಬಳ ಕೊನೆಗೂ ಬರಲಿಲ್ಲ. ನಾನು ಆಗ ಒಂದು ಸಣ್ಣ ಮುದ್ರಣಾಲಯದಲ್ಲಿ ಕೆಲಸ ಕಲಿಯುತ್ತಿದ್ದೆ. ಅಲ್ಲಿ ಅಚ್ಚಾಗುತ್ತಿದ್ದ ಮಾಸಪತ್ರಿಕೆಗೆ ತಂದೆಯ ನಿರುದ್ಯೋಗದ ಬಗ್ಗೆ, ದೇವರು ನಮ್ಮನ್ನು ನಡೆಸಿದ ಬಗ್ಗೆ ಒಂದು ಲೇಖನ ಬರೆದು ಕೊಟ್ಟೆ. ಅಲ್ಲಿ ಮೊಳೆ ಜೋಡಿಸುತ್ತಿದ್ದ ಆ ಹಿರಿಯರು, ನಿನ್ನ ಲೇಖನಕ್ಕೆ ನೀನೇ ಮೊಳೆ ಜೋಡಿಸು ಎಂದರು. ಮೊಳೆಗಳನ್ನು ಸಾಲಾಗಿಡುವ ಸ್ಟಿಕ್ಕು ಹಿಡಿದು ನಿಂತವನಿಗೆ ಎರಡನೆಯ ಪುಟ ಮುಗಿಯುವ ಮೊದಲೇ ಮೊಳೆಗಳ ಪೆಟ್ಟಿಗೆಯಾದ ಕೇಸಿನಲ್ಲಿ 'ಕೃ' ಅಕ್ಷರದ ಮೊಳೆಗಳು ಖಾಲಿಯಾದವು. ಅಷ್ಟು ಸಲ 'ಕೃಪೆ' ಎಂದು ಬರೆದಿದ್ದೆ. ಪಕ್ಕದಲ್ಲಿ ನಿಂತಿದ್ದ ಆ ಹಿರಿಯರು ಕೇಸಿನೊಳಗೆ ಇಣುಕಿ ನೋಡಿ, "ಕೃಪೆ ಮುಗಿಯಿತು ಮಾರಾಯ, ಇನ್ನು ಬೇಕಾದರೆ ಮೊದಲು ಜೋಡಿಸಿಟ್ಟ ಫಾರಂ ಬಿಚ್ಚಬೇಕು" ಎಂದರು. ಆಮೇಲೆ ನಗು ನಿಲ್ಲಿಸಿ, "ಹೌದಾ, ಆ ತಿಂಗಳುಗಳಲ್ಲಿ ನೀವು ಮನೆಯಲ್ಲಿ ಏನು ತಿಂದಿರಿ?" ಎಂದು ಕೇಳಿದರು. ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ಎಂದೆ. ಒಣಮೀನು ಎಲ್ಲಿಂದ ಎಂದರು. ಪಕ್ಕದ ಮನೆಯ ಮೊಗವೀರ ಅಕ್ಕ ಪ್ರತಿ ಶನಿವಾರ ಕಾಗದದಲ್ಲಿ ಕಟ್ಟಿ ನಮ್ಮ ಗೋಡೆಯ ಮೇಲೆ ಇಟ್ಟುಹೋಗುತ್ತಿದ್ದರು, ಅಮ್ಮನಿಗೆ ನಾಚಿಕೆಯಾಗಬಾರದೆಂದು ಬಾಗಿಲು ತಟ್ಟುತ್ತಿರಲಿಲ್ಲ ಎಂದೆ. "ಅದಕ್ಕೆ 'ಕೃ' ಬೇಡವಲ್ಲ" ಎಂದು ಅವರು ತಮ್ಮ ಕೇಸಿಗೆ ತಿರುಗಿದರು. ನನ್ನ ಲೇಖನ ಆ ತಿಂಗಳು ಅಚ್ಚಾಗಲಿಲ್ಲ. ನಾಲ್ಕು ತಿಂಗಳ ಮೇಲೆ ಅಚ್ಚಾದಾಗ ಅದರಲ್ಲಿ ಒಂದೇ ಒಂದು 'ಕೃಪೆ' ಉಳಿದಿತ್ತು.

ಈಗ ಮೂರನೆಯ ಪುಟ. ಯೆರೆಮೀಯನ 29ನೆಯ ಅಧ್ಯಾಯದ 11ನೆಯ ವಚನವನ್ನು ಚೌಕಟ್ಟು ಹಾಕಿ ಬರೆದಿದ್ದೀರಿ: ನಿಮ್ಮ ವಿಷಯವಾದ ನನ್ನ ಆಲೋಚನೆಗಳು ಹಿತದ ಆಲೋಚನೆಗಳೇ, ಗತಿಯನ್ನೂ ನಿರೀಕ್ಷೆಯನ್ನೂ ಕೊಡುವಂಥವು ಎಂಬ ಅರ್ಥದ ಮಾತು. ನಮ್ಮ ಮನೆಗಳ ಗೋಡೆಯ ಕ್ಯಾಲೆಂಡರುಗಳಲ್ಲಿ ಇದಕ್ಕಿಂತ ಹೆಚ್ಚು ಸಲ ಅಚ್ಚಾದ ವಚನಗಳು ಕಡಿಮೆ. ಅದಕ್ಕೆ ಮುಂಚಿನ ಹತ್ತನೆಯ ವಚನವನ್ನು ಏಕೆ ಬಿಟ್ಟಿರಿ? ಅದರಲ್ಲಿ ಯೆಹೂದ್ಯರನ್ನು ಒಯ್ದಿದ್ದ ಬಾಬೆಲಿನ ಸೆರೆ ಮುಗಿಯಲು ಎಪ್ಪತ್ತು ವರ್ಷ ಹಿಡಿಯುತ್ತದೆಯೆಂದು ಬರೆದಿದೆ. ಆ ಸೆರೆಯವರಿಗೆ ಯೆರೆಮೀಯ ಬರೆದ ಪತ್ರವೇ ಈ ಅಧ್ಯಾಯ; ಅದು ಯೆರೂಸಲೇಮಿನಿಂದ ಅವರ ಕೈ ಸೇರಿದಾಗ ಓದಿದ ನಡುವಯಸ್ಸಿನ ಯಾರೂ ಊರಿಗೆ ಮರಳುವ ಲೆಕ್ಕದಲ್ಲಿರಲಿಲ್ಲ. ಅದಕ್ಕೆಂದೇ ಐದು, ಆರನೆಯ ವಚನಗಳಲ್ಲಿ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿಸಿ ಎಂಬ ದಿನಬಳಕೆಯ ಅಪ್ಪಣೆಗಳಿವೆ. ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ಬಂದು ಎಲ್ಲ ಎರಡೇ ವರ್ಷದಲ್ಲಿ ಸರಿಯಾಗುತ್ತದೆಯೆಂದು ಘೋಷಿಸಿ, ಬಾಬೆಲಿನ ಅಧೀನತೆಯ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಎಲ್ಲರೆದುರು ಮುರಿದುಹಾಕುತ್ತಾನೆ. ಕೇಳಲು ಹಿತವಾದ ಮಾತು ಹನನ್ಯನದೇ, ಸುಳ್ಳಾದದ್ದೂ ಅದೇ. ಕರಾವಳಿಯ ಕಥೋಲಿಕ ಮನೆತನಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: 1784ರಲ್ಲಿ ಟಿಪ್ಪು ಸುಲ್ತಾನನ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದುಹೋದವರಿಗೆ ಬಿಡುಗಡೆ ಬಂದದ್ದು 1799ರಲ್ಲಿ, ಅಷ್ಟರಲ್ಲಿ ಬಹಳ ಮಂದಿ ಅಲ್ಲಿಯೇ ಮಣ್ಣಾಗಿದ್ದರು.

ನಿಮ್ಮ ಲೇಖನದ ಕೊನೆಯ ವಾಕ್ಯ 'ಕೊನೆಗೆ ಎಲ್ಲವೂ ಶುಭವಾಯಿತು' ಎಂದಿದೆ. ಲೇಖನದ ಜೊತೆಗೆ ಕಳಿಸಿದ ಚೀಟಿಯಲ್ಲಿ ಮಾತ್ರ, ಮಂಗಳವಾರ ಮತ್ತು ಶುಕ್ರವಾರ ಆಸ್ಪತ್ರೆಯಲ್ಲಿರುತ್ತೇನೆ, ಆ ದಿನಗಳಲ್ಲಿ ಫೋನು ಮಾಡಬೇಡಿ ಎಂದು ಬರೆದಿದ್ದೀರಿ. ಚೀಟಿ ನಿಜ ಹೇಳುತ್ತಿದೆ. ನಿಮ್ಮ ನಿರೀಕ್ಷೆ ಇರುವುದು ಮುಂದಿನ ಶುಕ್ರವಾರವೂ ಹೋಗಲೇಬೇಕಾದ ಬಸ್ಸಿನಲ್ಲಿ. ಲೇಖನದಲ್ಲಿ ನೀವು ಅದನ್ನು ಆಗಲೇ ನಿಲ್ದಾಣದಲ್ಲಿ ಇಳಿಸಿಬಿಟ್ಟಿದ್ದೀರಿ.

ಇನ್ನು ನಾಲ್ಕನೆಯ ಪುಟ. ಅಲ್ಲಿ, ಎರಡು ಉಪದೇಶಗಳ ಸಂದಿಯಲ್ಲಿ, ಈ ವಾಕ್ಯವಿದೆ: 'ಅಮ್ಮ ಬೆಳಿಗ್ಗೆ ಎದ್ದ ಕೂಡಲೇ ಅಂದಿನ ಪಾಲಿನ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಸಿಟ್ಟು, ಚಹಾ ಕುಡಿದರೂ ಗಂಜಿಯ ತೆಳಿ ಕುಡಿದರೂ ಅಷ್ಟನ್ನು ಅದರಿಂದ ಹೊರಗೆ ಚೆಲ್ಲುತ್ತಾರೆ.' ಕುಡಿದ ನೀರನ್ನು ಮೂತ್ರಪಿಂಡ ಹೊರಹಾಕದಿದ್ದರೆ ಅದು ಮುಂದಿನ ಡಯಾಲಿಸಿಸ್‌ವರೆಗೆ ಮೈಯೊಳಗೇ ನಿಂತು ಕಾಲು ಬಾಯುತ್ತದೆ, ಹೆಚ್ಚಾದರೆ ಉಸಿರೂ ಕಟ್ಟುತ್ತದೆಂದು ತಿಳಿದಿರುವ ಒಬ್ಬ ಹೆಂಗಸು, ಏಪ್ರಿಲ್ ತಿಂಗಳ ಮೂಲ್ಕಿಯ ಸೆಕೆಯಲ್ಲಿ, ತನ್ನ ಕೈಯಾರೆ ಕುಡಿಯುವ ನೀರನ್ನು ಅಂಗಳಕ್ಕೆ ಚೆಲ್ಲುತ್ತಿದ್ದಾರೆ. ಓದಿ ನಾನು ಕನ್ನಡಕ ತೆಗೆದಿಟ್ಟೆ. ಮುಂದಿನ ಸಾಲಿನಲ್ಲಿ ನೀವು 'ಹೀಗೆ ಕಷ್ಟಗಳು ನಮಗೆ ಸಂಯಮವನ್ನು ಕಲಿಸುತ್ತವೆ' ಎಂದು ಬರೆದಿರಿ, ನನಗೆ ಸಿಟ್ಟು ಬಂತು. ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿದ್ದೇನೆ, ಶಾಯಿ ಹಿಂದಿನ ಪುಟಕ್ಕೂ ಇಳಿದಿದೆ, ಕ್ಷಮಿಸಿ.

ಏಳು ಪುಟಗಳನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ನಾಲ್ಕನೆಯದನ್ನು ನಾನು ಇಟ್ಟುಕೊಂಡಿದ್ದೇನೆ, ಅದು ನಿಮಗೆ ಬಾಯಿಪಾಠ ಇದ್ದೇ ಇರುತ್ತದೆ. ಅಲ್ಲಿಂದ ಆರಂಭಿಸಿ ಹೊಸದಾಗಿ ಬರೆಯಿರಿ, ಮೂರು ಪುಟ ಸಾಕು. ಒಂದು ಸಂಗತಿಯನ್ನು ಮಾತ್ರ ತಾಯಿಯವರಲ್ಲಿ ಕೇಳಿ ಬರೆಯಬೇಕು: ಪ್ರಭುಭೋಜನವಿರುವ ಭಾನುವಾರ ದೇವಾಲಯದಲ್ಲಿ ಕುಡಿದ ಆ ಒಂದು ಗುಟುಕು ದ್ರಾಕ್ಷಾರಸಕ್ಕೂ ಅವರು ಮನೆಗೆ ಬಂದು ಬಾಟಲಿಯಿಂದ ನೀರು ಚೆಲ್ಲುತ್ತಾರೆಯೇ?

ಇತಿ,
ಸಂಪಾದಕ