ಒಡವೆ ಅಡ ಇಟ್ಟು ವಿದೇಶದಲ್ಲಿ ಪ್ರದರ್ಶನ ಮಾಡಬೇಕಾ?

ಪ್ರಶ್ನೆ: ನನಗೆ 26 ವರ್ಷ, ಊರು ಶಿಡ್ಲಘಟ್ಟ. ಅಪ್ಪ ರೇಷ್ಮೆ ರೀಲರ್, ಗೂಡಿನಿಂದ ನೂಲು ತೆಗೆಯುವ ಕೆಲಸ. ಬಿವಿಎ (ದೃಶ್ಯಕಲೆಯ ಪದವಿ) ಮುಗಿಸಿ ನಾಲ್ಕು ವರ್ಷದಿಂದ ಚಿತ್ರ ಬರೆಯುತ್ತಿದ್ದೇನೆ. ಯುರೋಪಿನ ಒಂದು ಗ್ಯಾಲರಿಯವರು ಇನ್‌ಸ್ಟಾಗ್ರಾಂನಲ್ಲಿ ನನ್ನ ಚಿತ್ರ ನೋಡಿ ಪ್ರದರ್ಶನಕ್ಕೆ ಕರೆದಿದ್ದಾರೆ. ಗೋಡೆ ಬಾಡಿಗೆ ಅಂತ ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಅಮ್ಮನ ಒಡವೆ ಅಡ ಇಡಲು ಅಪ್ಪ ತಯಾರಿದ್ದಾರೆ. ಒಪ್ಪಿಕೊಳ್ಳಲಾ?

ಉತ್ತರ: ಬೇಡ. ಒಡವೆ ಮನೆಯಲ್ಲೇ ಇರಲಿ.

ಒಳ್ಳೆಯ ಗ್ಯಾಲರಿಗೆ ದುಡ್ಡು ಬರುವುದು ಚಿತ್ರ ಮಾರಾಟವಾದಾಗ. ಸಾಮಾನ್ಯವಾಗಿ ಬೆಲೆಯ ಅರ್ಧದಷ್ಟು ತೆಗೆದುಕೊಳ್ಳುತ್ತಾರೆ. ಅದು ಜಾಸ್ತಿ ಅನ್ನಿಸಬಹುದು, ಆದರೆ ಅದಕ್ಕಾಗಿಯೇ ಅವರು ಗಿರಾಕಿಗಳನ್ನು ಹುಡುಕುತ್ತಾರೆ. ಬಾಡಿಗೆ ಮೊದಲೇ ಸಿಕ್ಕಿದ ಮೇಲೆ ನಿಮ್ಮ ಚಿತ್ರ ಮಾರುವ ದರ್ದು ಅವರಿಗೆ ಏನಿರುತ್ತದೆ?

ಪತ್ರದ ಜೊತೆ ನೀವು ಕಳಿಸಿದ ನಿಮ್ಮ ಚಿತ್ರಗಳ ಫೋಟೋಗಳನ್ನು ಎರಡು ಸಲ ನೋಡಿದೆ. ಪ್ಯಾರಿಸ್ ಬೀದಿಯ ಚಿತ್ರಗಳನ್ನು ಪಕ್ಕಕ್ಕಿಡಿ, ಅವು ಯಾರದೋ ಫೋಟೋ ನೋಡಿ ಮಾಡಿದವು. ಬಿಸಿನೀರಿನ ಬೇಸಿನ್ ಮೇಲೆ ಬಗ್ಗಿದ ಹೆಂಗಸಿನ ಕೈ ಇದೆಯಲ್ಲ, ನೆನೆದು ಬೆಳ್ಳಗೆ ಸುಕ್ಕಾದ ಬೆರಳು, ಅದರ ತುದಿಯಲ್ಲಿ ಕಂಡೂ ಕಾಣದ ಎಳೆ. ಅದು ನಿಮ್ಮದು. ಅಂಥವು ಹನ್ನೆರಡು ಆಗಲಿ. ಚಿತ್ರಕಾರ ಎಸ್.ಎಚ್. ರಝಾ 1950ರಲ್ಲಿ ಫ್ರೆಂಚ್ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪ್ಯಾರಿಸ್‌ಗೆ ಹೋದರು. 1956ರಲ್ಲಿ ಅಲ್ಲಿನ ವಿಮರ್ಶಕರ ಪ್ರಶಸ್ತಿಯೂ ಬಂತು. ಆದರೂ ರಝಾ ಅಂದರೆ ಇವತ್ತು ನೆನಪಾಗುವುದು ಬಿಂದು. ಮಧ್ಯಪ್ರದೇಶದ ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಗೋಡೆ ಮೇಲೆ ಇಟ್ಟು ತೋರಿಸಿದ ಚುಕ್ಕಿ ಅದು.

ವಿದೇಶಕ್ಕೆ ಹೋಗಲು ನಿಮಗೆ ಸರಿಹೊಂದುವ ದಾರಿ ರೆಸಿಡೆನ್ಸಿ. ಕೆಲವು ವಾರ ಅಥವಾ ತಿಂಗಳು ಅಲ್ಲೇ ಇದ್ದು ಕೆಲಸ ಮಾಡಲು ಸ್ಟುಡಿಯೊ, ಕೋಣೆ ಕೊಡುತ್ತಾರೆ. ಕೆಲವರು ಖರ್ಚಿಗೂ ಕೊಡುತ್ತಾರೆ, ಕೆಲವರು ನಿಮ್ಮಿಂದಲೇ ಶುಲ್ಕ ಕೇಳುತ್ತಾರೆ. ಅದನ್ನು ಮೊದಲು ನೋಡಿ. ರೆಸ್ ಆರ್ಟಿಸ್, ಟ್ರಾನ್ಸ್ ಆರ್ಟಿಸ್ಟ್ಸ್ ಎಂಬ ಜಾಲತಾಣಗಳ ರೆಸಿಡೆನ್ಸಿ ಪಟ್ಟಿಗಳಲ್ಲಿ ದೇಶವಾರು ಹುಡುಕಬಹುದು. ಬ್ರಿಟನ್ನಿಗೆ ಹೋಗುವ ಭಾರತೀಯ ಕಲಾವಿದರಿಗೆ ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ನೆರವು ಕೊಡುತ್ತದೆ. ಮೊದಲ ಅರ್ಜಿಗೇ ಸಿಗದಿದ್ದರೆ ಬೇಸರ ಬೇಡ, ಬಹಳಷ್ಟು ಜನರಿಗೆ ಸಿಗುವುದಿಲ್ಲ. ಅಲ್ಲಿಯವರೆಗೆ ಬೆಂಗಳೂರಿನ ಚಿತ್ರಸಂತೆ ಬಿಡಬೇಡಿ. ಕೊಳ್ಳುವವರ ಜೊತೆ ಬೆಲೆ ಮಾತಾಡುವುದು ಅಲ್ಲಿ ರೂಢಿಯಾಗುತ್ತದೆ.

ಸಾಗಿಸುವ ವಿಷಯ ಕೇಳಿಲ್ಲ, ಆದರೂ ಹೇಳುತ್ತೇನೆ. ಕ್ಯಾನ್ವಾಸ್ ಸುತ್ತುವಾಗ ಬಣ್ಣದ ಬದಿ ಹೊರಗಿರಲಿ, ಅಗಲದ ಪೈಪಿಗೆ ಸಡಿಲವಾಗಿ ಸುತ್ತಿ. ಬಣ್ಣದ ಬದಿ ಒಳಗೆ ಹಾಕಿ ಬಿಗಿಯಾಗಿ ಸುತ್ತಿದರೆ ಬಣ್ಣ ಒತ್ತಿಕೊಂಡು ಬಿರಿಯುತ್ತದೆ. ಚಳಿಗೆ ಅಕ್ರಿಲಿಕ್ ಬಣ್ಣ ಗಡುಸಾಗುತ್ತದೆ, ತಣ್ಣಗಿದ್ದಾಗ ಸುರುಳಿ ಬಿಚ್ಚಬೇಡಿ. ಎಣ್ಣೆಬಣ್ಣದ್ದಾದರೆ ಸುತ್ತುವ ಮೊದಲು ತಿಂಗಳುಗಟ್ಟಲೆ ಒಣಗಬೇಕು. ಮೊದಲ ಸಲಕ್ಕೆ ಕಾಗದದ ಮೇಲಿನ ಕೆಲಸವೇ ಸುಲಭ, ಅಲ್ವಾ?

ಆ ಗ್ಯಾಲರಿಗೆ ಇವತ್ತೇ ಒಂದು ಸಾಲು ಬರೆಯಿರಿ: ಬಾಡಿಗೆ ಕೊಡಲಾರೆ, ಮಾರಾಟವಾದರೆ ಅರ್ಧ ನಿಮ್ಮದು. ಏನು ಉತ್ತರ ಬಂತು ಅಂತ ನನಗೂ ತಿಳಿಸಿ.