ಬೀರುವಿಗಲ್ಲ, ಪುಸ್ತಕದ ರಟ್ಟಿಗೆ ಅಂಟಿಸಿ

ಪ್ರಿಯ ಟೀಚರ್,

ಕೊಪ್ಪಳ ಜಿಲ್ಲೆಯಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಎರಡು ಬೀರು ತುಂಬ ಕಥೆ ಪುಸ್ತಕಗಳಿವೆ, ಮಕ್ಕಳು ಮಾತ್ರ ಅತ್ತ ಸುಳಿಯುತ್ತಿಲ್ಲ. ಅದಕ್ಕೇ ಪುಸ್ತಕಗಳ ಬಗ್ಗೆ ಚಿಕ್ಕ ಚಿಕ್ಕ ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕಿ, ಬೀರುವಿನ ಬಾಗಿಲಿಗೆ ಕ್ಯೂಆರ್ ಕೋಡ್ ಅಂಟಿಸಬೇಕು ಎಂದುಕೊಂಡಿದ್ದೀರಿ. ‘ಮಕ್ಕಳು ಮೊದಲೇ ಮೊಬೈಲ್ ಬಿಡೋದಿಲ್ಲ, ಇನ್ನು ನೀವೂ ಅದನ್ನೇ ಕೊಡ್ತೀರಾ?’ ಎಂದು ಹೆಡ್‌ಮಾಸ್ಟರ್ ಕೇಳಿದರಂತೆ. ಮಾಡಲಾ, ಬೇಡವಾ ಎಂಬುದು ನಿಮ್ಮ ಪ್ರಶ್ನೆ.

ಮಾಡಿ. ಆದರೆ ಬೀರುವಿಗೆ ಅಂಟಿಸಬೇಡಿ. ಮಕ್ಕಳು ಶಾಲೆಗೆ ಮೊಬೈಲ್ ತರುವುದಿಲ್ಲ. ಅಲ್ಲಿ ಸ್ಕ್ಯಾನ್ ಮಾಡುವವರು ಯಾರು? ಫೋನ್ ಇರುವುದು ಮನೆಯಲ್ಲಿ, ಅದೂ ಅಪ್ಪ ಕೆಲಸ ಮುಗಿಸಿ ಬಂದ ಮೇಲೆ. ಕೋಡ್ ಮನೆಗೆ ಹೋಗಬೇಕು ಅಂದರೆ ಪುಸ್ತಕವೇ ಮನೆಗೆ ಹೋಗಬೇಕು, ಅಲ್ವಾ? ಹಿಂದಿನ ರಟ್ಟಿನ ಒಳಗೆ ಅಂಟಿಸಿ.

ಕಷ್ಟ ಇರುವುದು ಇಲ್ಲೇ. ಪುಸ್ತಕ ಕಳೆದರೆ ದಾಸ್ತಾನು ವಹಿ ತೆರೆದು ಉತ್ತರ ಹೇಳಬೇಕಾದವರು ನೀವು. ಆ ಭಯಕ್ಕೇ ಎಷ್ಟೋ ಶಾಲೆಗಳಲ್ಲಿ ಬೀರುವಿನ ಬೀಗ ತೆಗೆಯುವುದಿಲ್ಲ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಹೇಳಿದ್ದರು. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು. ಬೀಗ ಹಾಕಿದ ಬೀರುವಿನ ಮೇಲೆ ಎಷ್ಟು ಚೆಂದದ ಕೋಡ್ ಇದ್ದರೂ ಓದುಗ ಸಿಗುವುದಿಲ್ಲ. ಹಾಗಾಗಿ ಮೊದಲು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮಾತಾಡಿ. ಬರೀ ಹತ್ತು ಪುಸ್ತಕ ಮನೆಗೆ ಕಳಿಸುತ್ತೇವೆ, ಒಂದೆರಡು ಕಳೆದರೆ ಟೀಚರ್ ಕೈಯಿಂದ ಕಟ್ಟಿಸಿಕೊಳ್ಳುವುದಿಲ್ಲ ಎಂದು ಬರೆಸಿಕೊಳ್ಳಿ. ವಿಡಿಯೊ ಆಮೇಲೆ.

ವಿಡಿಯೊದಲ್ಲಿ ನೀವು ಮಾತಾಡಬೇಡಿ. ಆ ಪುಸ್ತಕ ಓದಿದ ಮಗುವೇ ಮಾತಾಡಲಿ, ಒಂದು ನಿಮಿಷ ಸಾಕು. ಬಾಯಿಪಾಠ ಮಾಡಿಸಬೇಡಿ. ‘ಆ ಹುಡುಗ ಬಾವಿ ಕಡೆ ಹೊಂಟಾನ್ರೀ’ ಅಂದರೆ ಹಾಗೇ ಇರಲಿ, ತಿದ್ದಬೇಡಿ. ಗೆಳತಿ ಹಾಗೆ ಹೇಳಿದ್ದಕ್ಕೇ ಇನ್ನೊಂದು ಮಗು ಪುಸ್ತಕ ತೆರೆಯುವುದು. ಕೊನೆ ಏನಾಯಿತು ಎಂದು ಮಾತ್ರ ಹೇಳಕೂಡದು. ಇನ್ನೊಂದು ಲಾಭವೂ ಇದೆ. ಒಂದು ನಿಮಿಷ ಮಾತಾಡಲು ಮಗು ಆ ಪುಸ್ತಕವನ್ನು ಎರಡು ಮೂರು ಸಲ ಓದಿಯೇ ಓದುತ್ತದೆ.

ಪುಸ್ತಕಕ್ಕೊಂದು ಪ್ಲೇಲಿಸ್ಟ್ ಮಾಡಿ, ಆ ಪ್ಲೇಲಿಸ್ಟಿನ ಕೊಂಡಿಯನ್ನೇ ಕೋಡ್‌ಗೆ ಹಾಕಿ. ಮುಂದಿನ ವರ್ಷ ಅದೇ ಪುಸ್ತಕ ಓದಿದ ಇನ್ನೊಂದು ಮಗುವಿನ ಮಾತನ್ನೂ ಸೇರಿಸಬಹುದು, ಅಂಟಿಸಿದ ಕೋಡ್ ಬದಲಿಸಬೇಕಿಲ್ಲ. ಐದು ವರ್ಷದ ನಂತರ ಒಂದು ಹಳೇ ಪುಸ್ತಕದೊಳಗೆ ಊರಿನ ಹದಿನೈದು ಮಕ್ಕಳ ದನಿ ಇರುತ್ತದೆ. ಇದನ್ನು ನೆನೆಸಿಕೊಂಡರೇ ನನಗೆ ಖುಷಿಯಾಗುತ್ತದೆ.

ಮಕ್ಕಳ ಮುಖ ತೋರಿಸುವುದು ಬೇಡ. ಕೈ, ಪುಸ್ತಕದ ಮುಖಪುಟ, ದನಿ, ಇಷ್ಟೇ ಸಾಕು. ಹೆಸರೂ ಬೇಡ. ದನಿಗೂ ತಂದೆತಾಯಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಹಾಕುವಾಗ ‘ಮಕ್ಕಳಿಗಾಗಿ’ ಎಂದು ಗುರುತು ಮಾಡಿ, ಕಮೆಂಟ್ ತಾನಾಗೇ ನಿಲ್ಲುತ್ತದೆ. ಇಡೀ ಪುಸ್ತಕ ಓದಿ ಹಾಕಬೇಡಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷದವರೆಗೂ ಕೃತಿಯ ಮೇಲಿನ ಹಕ್ಕು (ಕಾಪಿರೈಟ್) ಇರುತ್ತದೆ. ಪೂರ್ತಿ ಓದುವ ಆಸೆ ಇದ್ದರೆ ಮಕ್ಕಳ ಪುಸ್ತಕ ಪ್ರಕಾಶಕರಾದ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣ ನೋಡಿ. ಅಲ್ಲಿ ಯಾರು ಬೇಕಾದರೂ ಬಳಸಬಹುದಾದ, ಮುಕ್ತ ಪರವಾನಗಿಯ ಕನ್ನಡ ಕಥೆಗಳಿವೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹೇಳಿ ಓದಬಹುದು.

ಕೋಡ್ ಮಾಡುವಾಗ ಒಂದು ಎಚ್ಚರಿಕೆ. ನಾವೂ ಒಮ್ಮೆ ಪತ್ರಿಕೆಯಲ್ಲಿ ಕೋಡ್ ಅಚ್ಚು ಹಾಕಿದ್ದೆವು. ಪುಕ್ಕಟೆ ಸಿಗುತ್ತದೆ ಎಂದು ಒಂದು ಜಾಲತಾಣದಲ್ಲಿ ಮಾಡಿಸಿದ್ದೆವು. ಕೆಲವೇ ವಾರಗಳಲ್ಲಿ ಅದು ಸತ್ತುಹೋಯಿತು, ಹಣ ಕಟ್ಟಿದರೆ ಮಾತ್ರ ತೆರೆಯುತ್ತೇವೆ ಎಂದರು. ಓದುಗರಿಗೆ ನಾವು ಕ್ಷಮೆ ಕೇಳಬೇಕಾಯಿತು. ಅಂಥ ಕಡೆ ಸಿಗುವ ಕೋಡ್ ಮೊದಲು ಅವರ ತಾಣಕ್ಕೇ ಹೋಗಿ, ಅಲ್ಲಿಂದ ನಿಮ್ಮ ವಿಡಿಯೊಗೆ ಹೋಗುತ್ತದೆ. ಅದು ಬೇಡ. ಫೋನಿನ ಕ್ರೋಮ್‌ನಲ್ಲಿ ಪ್ಲೇಲಿಸ್ಟ್ ಪುಟ ತೆರೆದು ‘ಶೇರ್’ ಒತ್ತಿದರೆ ಕೋಡ್ ಮಾಡುವ ಆಯ್ಕೆ ಇದೆ. ಅದರಲ್ಲಿ ನಿಮ್ಮ ಕೊಂಡಿ ನೇರವಾಗಿ ಕೂತಿರುತ್ತದೆ, ಅವಧಿ ಮುಗಿಯುವ ಮಾತಿಲ್ಲ. ಸುತ್ತ ಬಿಳಿ ಅಂಚು ಬಿಡಿ. ಕೊಳೆ ಆಗುತ್ತದೆ ಎಂಬ ಚಿಂತೆ ಜಾಸ್ತಿ ಬೇಡ. 1994ರಲ್ಲಿ ಜಪಾನಿನ ಮಸಾಹಿರೊ ಹಾರಾ ಮತ್ತು ಅವರ ತಂಡ ಇದನ್ನು ಮಾಡಿದ್ದು ಕಾರಿನ ಬಿಡಿಭಾಗಗಳ ಲೆಕ್ಕಕ್ಕೆ. ಎಣ್ಣೆ, ಕೊಳೆ ಮೆತ್ತಿದರೂ ಓದಬರಬೇಕು ಎಂದೇ ಮಾಡಿದ್ದು. ಬೆಲ್ಲದ ಕೈಯನ್ನೂ ಸ್ವಲ್ಪ ತಡೆದುಕೊಳ್ಳುತ್ತದೆ.

ನಿಮ್ಮೂರಲ್ಲಿ ನೆಟ್‌ವರ್ಕ್ ಸರಿಯಿಲ್ಲ ಎಂದೂ ಬರೆದಿದ್ದೀರಿ. ಕೋಡ್‌ನಲ್ಲಿ ಕೊಂಡಿಯೇ ಇರಬೇಕೆಂದಿಲ್ಲ. ‘ನರಿ ಯಾಕೆ ಸುಳ್ಳು ಹೇಳಿತು? 12ನೇ ಪುಟ ನೋಡು’ ಅಂತ ಒಂದು ಸಾಲನ್ನೇ ಅದರೊಳಗೆ ಇಡಬಹುದು. ಅದನ್ನು ಓದಲು ಇಂಟರ್ನೆಟ್ ಬೇಕಿಲ್ಲ.

ಹೆಡ್‌ಮಾಸ್ಟರ್ ಮಾತು ತಪ್ಪಲ್ಲ. ಒಂದು ನಿಮಿಷದ ವಿಡಿಯೊ ಮುಗಿದ ಕೂಡಲೇ ಯೂಟ್ಯೂಬ್ ಇನ್ನೇನನ್ನೋ ತೋರಿಸುತ್ತದೆ. ಅದಕ್ಕೇ ಪ್ರತಿ ವಿಡಿಯೊ ಕೊನೆಗೆ ಮಗು ‘ಈಗ ಫೋನ್ ಅಪ್ಪನಿಗೆ ಕೊಡು, ಮೂರನೇ ಪುಟ ತೆಗಿ’ ಅನ್ನಲಿ. ಎಲ್ಲರೂ ಕೇಳುತ್ತಾರೆ ಎಂದು ನಾನು ಹೇಳಲಾರೆ. ಆದರೆ ಪುಸ್ತಕ ಅಲ್ಲೇ ಮಡಿಲಲ್ಲಿ ಇರುತ್ತದೆ.

ಮೊದಲ ಹತ್ತು ಪುಸ್ತಕ ಯಾವುವು ಎಂದು ನೀವಲ್ಲ, ಮಕ್ಕಳೇ ಆರಿಸಲಿ. ಆ ಪಟ್ಟಿ ಸಿದ್ಧವಾದಾಗ ನನಗೊಂದು ಕಾಗದ ಹಾಕಿ.

ನಿಮ್ಮ,
ಸಂಪಾದಕ